ಇನ್ನೂರ ಹದಿನಾಲ್ಕನೆಯ ಪುಟ

ವಡಾಲ ಸ್ಟೇಷನ್ನಿನ ಹೊರಗೆ ಒಂದು ಝೆರಾಕ್ಸ್ ಅಂಗಡಿಯಿದೆ. ಅದರ ಹಿಂಭಾಗದಲ್ಲಿ, ಫ್ಯಾನಿನ ಗಾಳಿ ಅರ್ಧ ಮಾತ್ರ ತಲುಪುವ ಮೂಲೆಯಲ್ಲಿ ಕೂತು ಮಹಾದೇವಿ ಇಪ್ಪತ್ತೆರಡು ವರ್ಷಗಳಿಂದ ಬೇರೆಯವರ ಪಿಎಚ್.ಡಿ. ಪ್ರಬಂಧಗಳನ್ನು ಟೈಪು ಮಾಡುತ್ತಿದ್ದಾಳೆ. ಅಫಜಲಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಗಂಡ ಭೀಮರಾಯ ಕಟ್ಟಡದ ಕೆಲಸದಲ್ಲಿ ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಟೈಪಿಂಗ್ ಕ್ಲಾಸಿಗೆ ಸೇರಿದಳು. ಇಂಗ್ಲಿಷು ಆಡಲು ಹೋದರೆ ಇಂದಿಗೂ ನಾಲಿಗೆ ತೊಡರುತ್ತದೆ, ಬೆರಳು ತೊಡರುವುದಿಲ್ಲ. ದಿನಕ್ಕೆ ನಲವತ್ತು ಪುಟ ಕಣ್ಣೊಳಗಿಂದ ಹಾದುಹೋಗುತ್ತಿದ್ದರೆ ಯಾವ ಭಾಷೆಯಾದರೂ ಒಂದು ದಿನ ಅಲ್ಲೇ ಮನೆ ಮಾಡಿಕೊಳ್ಳುತ್ತದೆ.

ಪ್ರೊಫೆಸರುಗಳ ಮುಖ ನೋಡಿದ್ದು ಕಡಿಮೆ. ಆದರೆ ಅವರ ಸಿಟ್ಟು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಾಧನಾ ಮ್ಯಾಡಮ್ 'ಅಭಿವೃದ್ಧಿ' ಎಂಬ ಶಬ್ದ ಕಂಡರೆ ಅಧ್ಯಾಯವನ್ನೇ ಹಿಂದಕ್ಕೆ ಕಳಿಸುತ್ತಿದ್ದರು. ಕೃತಜ್ಞತೆಯ ಪುಟದಲ್ಲಿ ತಮಗೆ ಆಗದ ಸಂಘಟನೆಯ ಹಿರಿಯರೊಬ್ಬರನ್ನು ನೆನೆದನೆಂದು ಒಬ್ಬನನ್ನು ಎಂಟು ತಿಂಗಳು ಅಲೆಸಿದ್ದರು. ಸತ್ಯಮೂರ್ತಿ ಸರ್ ಅವರದು ಇನ್ನೊಂದು ದಿಕ್ಕು. 'ಶೋಷಣೆ' ಎಂಬುದು ಒಂದೇ ಪುಟದಲ್ಲಿ ಮೂರು ಸಲ ಬಂದರೆ ಅವರು ಮುಂದೆ ಓದುತ್ತಿರಲಿಲ್ಲ. 'ಇದು ಸಂಶೋಧನೆಯಲ್ಲ, ಕರಪತ್ರ' ಎಂದು ಬರೆದು ಒಬ್ಬ ಹುಡುಗಿಯನ್ನು ಹಿಂದಿರುಗಿಸಿದ್ದರು. ಆಕೆ ಮತ್ತೆ ಪ್ರಬಂಧದ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಕಾಲಕ್ಕೆ ಇಬ್ಬರೂ ಒಂದೇ ವಿಭಾಗದಲ್ಲಿದ್ದವರು. ಸರ್ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ಮೇಲೂ ಜಗಳ ಇಲ್ಲೇ ಉಳಿದಿತ್ತು.

ಪೆನ್‌ಡ್ರೈವ್ ಕೊಡುವಾಗ ಹುಡುಗರು ಅವಳನ್ನು ಮರಾಠಿಯಲ್ಲಿ ಚಿಕ್ಕಮ್ಮನೆಂದು ಕರೆದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು, ಮಾವಶಿ, ನಂದು ಯಾರ ಕಡೆ ಹೋಗ್ತದೆ ಅಂತ. ಮಹಾದೇವಿ ಹೇಳುತ್ತಿದ್ದಳು. ಯಾವ ಶಬ್ದ ತೆಗೆಯಬೇಕು, ಯಾರ ಹೆಸರು ಸೇರಿಸಬೇಕು ಎಂಬುದನ್ನೂ ಹೇಳುತ್ತಿದ್ದಳು. ಅವಳಿಗೆ ಅದರಲ್ಲಿ ಸರಿತಪ್ಪು ಕಂಡಿರಲಿಲ್ಲ. ಲೋಕಲ್ ಗಾಡಿಯಲ್ಲಿ ಯಾವ ಸ್ಟೇಷನ್ನಿಗೆ ಯಾವ ಬಾಗಿಲ ಕಡೆ ನಿಲ್ಲಬೇಕೆಂದು ತಿಳಿದಿರಬೇಕಲ್ಲ, ಇದೂ ಹಾಗೆಯೇ.

ಸೌಮ್ಯಾಳ ವಿಷಯ ಬೇರೆ. ಅವಳು ದೇವಕ್ಕನ ಮಗಳು. ದೇವಕ್ಕ ಮಹಾದೇವಿಯ ಊರ ಕಡೆಯವಳು, ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ನಿಂತು ದುಡಿಯಲು ಹೋಗಿ, ತಲೆಯ ಮೇಲೆ ಕಾಂಕ್ರೀಟು ಹೊತ್ತು ಮಗಳನ್ನು ಓದಿಸಿದವಳು. ಆಂಟಾಪ್ ಹಿಲ್ಲಿನ ಬಿಲ್ಡಿಂಗಿನಲ್ಲಿ ಕೋಣೆ ಸಿಗುವ ಮೊದಲು ಇಬ್ಬರೂ ಬಂದರಿನ ಕಡೆಯ ಖಾಲಿ ಜಾಗದಲ್ಲಿ ಅಕ್ಕಪಕ್ಕ ಗುಡಿಸಲು ಹಾಕಿಕೊಂಡಿದ್ದರು. ಒಂದು ನಸುಕಿನಲ್ಲಿ ಸರಕಾರದವರು ಬಂದು ಆ ಸಾಲನ್ನು ಪೂರ್ತಿ ಕೆಡವಿದರು. ಸೌಮ್ಯಾ ಆಗ ಶಾಲೆಯಲ್ಲಿ ಎರಡನೆಯ ಇಯತ್ತೆ. ಈಗ ಇಪ್ಪತ್ತೊಂಬತ್ತು ವರ್ಷ. ಪ್ರಬಂಧ ಬರೆದದ್ದು ಅದರ ಮೇಲೆಯೇ, ಸಾಧನಾ ಮ್ಯಾಡಮ್ ಅವರ ಕೈಕೆಳಗೆ. ಮೂರನೆಯ ಅಧ್ಯಾಯದಲ್ಲಿ ಹೆಂಗಸರ ಹೇಳಿಕೆಗಳಿದ್ದವು, ಮೊದಲನೆಯದು ದೇವಕ್ಕನದು. ಹಂಚಿನ ಮೇಲಿದ್ದ ರೊಟ್ಟಿ ಮಗುಚಲೂ ಬಿಡಲಿಲ್ಲ ಎಂದು ಅವಳು ಹೇಳಿದ್ದನ್ನು ಸೌಮ್ಯಾ ಇದ್ದ ಹಾಗೆಯೇ ಇಂಗ್ಲಿಷಿಗೆ ತಂದಿದ್ದಳು.

ಚೆಂಬೂರಿನ ಕಾಲೇಜೊಂದರಲ್ಲಿ ಸೌಮ್ಯಾ ತಾಸಿನ ಲೆಕ್ಕದಲ್ಲಿ ಪಾಠ ಮಾಡುತ್ತಿದ್ದಳು. ಜೂನ್ ಒಳಗೆ ಡಿಗ್ರಿ ಬಂದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಅಷ್ಟರಲ್ಲಿ ಶ್ರೀಮಂತನೆಂಬ ವಿಭಾಗದ ಗುಮಾಸ್ತ ಚಹಾ ಕುಡಿಯಲು ಬಂದವನು ಮಾತಿನ ನಡುವೆ ಬಾಯಿಬಿಟ್ಟ: ಸೌಮ್ಯಾಳ ಪ್ರಬಂಧಕ್ಕೆ ಪರೀಕ್ಷಕರು ಸತ್ಯಮೂರ್ತಿ ಸರ್.

ಮಹಾದೇವಿ ಅಂದೇ ಸೌಮ್ಯಾಳನ್ನು ಕರೆಸಿದಳು.

"ಎರಡ ಪುಟದ ಮಾತ ಅದ. ಕಡೀ ಪುಟ ಸ್ವಲ್ಪ ಮೆತ್ತಗ ಮಾಡೂಣು. ಪಾಸಾದ ಮ್ಯಾಲ ನಿನಗ ಬೇಕಾದ್ದು ಬರಿ."

"ನಹೀ ಮಾವಶಿ. ಅದು ಅವ್ವ ಹೇಳಿದ್ದು. ಅದನ್ನ ಮೆತ್ತಗೆ... ಕೈಸೇ ಕರೂ?"

"ನಿಮ್ಮವ್ವ ಪರೀಕ್ಷಾ ತಗೋಳಂಗಿಲ್ಲ, ಹುಚ್ಚಿ."

ಸೌಮ್ಯಾ ನಕ್ಕು, ಕ್ಲಾಸಿಗೆ ಹೊತ್ತಾಯಿತೆಂದು ಓಡಿದಳು. ಆ ವಾರವೇ ಅವಳಿಗೆ ಡೆಂಗ್ಯೂ ಬಂತು. ಪ್ರಬಂಧ ಒಪ್ಪಿಸುವ ಕಡೆಯ ದಿನ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಮಹಾದೇವಿ ಇನ್ನೂರ ಹದಿನಾಲ್ಕನೆಯ ಪುಟ ತೆರೆದಳು. ಅಲ್ಲಿ ಕೊನೆಯ ತೀರ್ಮಾನವಾಗಿ, ಬಲವಂತದಿಂದ ಎಬ್ಬಿಸಿದರು ಎಂದಿದ್ದ ಪ್ಯಾರಾ ಅಳಿಸಿದಳು. ಅದರ ಜಾಗದಲ್ಲಿ, ಕುಟುಂಬಗಳು ಒಪ್ಪಿ ಜಾಗ ತೆರವು ಮಾಡಿದವು, ಹೊಸ ವಸತಿ ಅವರ ಬದುಕನ್ನು ಹಸನುಗೊಳಿಸಿತು ಎಂದು ಬರೆದಳು. ಇಂಥ ವಾಕ್ಯಗಳನ್ನು ಅವಳು ನೂರು ಸಲ ಟೈಪು ಮಾಡಿದ್ದಳು. ಯೋಚಿಸುವ ಮೊದಲೇ ಬೆರಳಿಗೆ ಬಂದವು. ಮೂರನೆಯ ಅಧ್ಯಾಯಕ್ಕೆ ಹೋಗಿ ದೇವಕ್ಕನ ಮಾತುಗಳನ್ನು ಓದಿದಳು. ಅವಕ್ಕೆ ಕೈ ಹಚ್ಚಲು ಆಗಲಿಲ್ಲ.

ಕಪ್ಪು ರಟ್ಟು, ಬಂಗಾರದ ಅಕ್ಷರ, ಐದು ಪ್ರತಿ. ಜ್ವರದಿಂದ ಎದ್ದ ಸೌಮ್ಯಾ ಅಂಗಡಿಯ ಕಟ್ಟೆಗೆ ಒರಗಿ ಸಹಿ ಹಾಕಿದಳು, ಪುಟ ತಿರುವಲಿಲ್ಲ. ಕರಡು ಮೊದಲೇ ಓದಿದ್ದ ಮ್ಯಾಡಮ್ ಕೂಡ ಸಹಿ ಹಾಕಿದರು.

ಪರೀಕ್ಷಕರ ವರದಿ ಚೆನ್ನಾಗಿಯೇ ಬಂತು. ಮೌಖಿಕ ಪರೀಕ್ಷೆಯ ದಿನ ಮಹಾದೇವಿ ಇಸ್ತ್ರಿ ಮಾಡಿದ ಸೀರೆಯುಟ್ಟು ಹಿಂದಿನ ಸಾಲಿನಲ್ಲಿ ಹೋಗಿ ಕೂತಳು. ತನ್ನಿಂದ ಒಂದು ಒಳ್ಳೆಯ ಕೆಲಸವಾಯಿತೆಂಬ ತೃಪ್ತಿ ಅವಳ ಮುಖದಲ್ಲಿತ್ತು.

ಸತ್ಯಮೂರ್ತಿ ಸರ್ ತೆಳ್ಳನೆಯ, ಮೃದುವಾದ ಮನುಷ್ಯ. ಅವರು ಹೊಗಳಿಯೇ ಶುರು ಮಾಡಿದರು. ಇಂಥ ಮಾರ್ಗದರ್ಶಕರ ಕೈಯಲ್ಲಿದ್ದೂ ಈ ಹುಡುಗಿ ಕೊನೆಗೆ ಸಮತೋಲನ ಕಾಯ್ದುಕೊಂಡಿದ್ದಾಳೆ ಎಂದು ಹೇಳಿ, ಇನ್ನೂರ ಹದಿನಾಲ್ಕನೆಯ ಪುಟ ತೆಗೆದು ಗಟ್ಟಿಯಾಗಿ ಓದಿದರು.

ಸೌಮ್ಯಾ ತನ್ನ ಪ್ರತಿಯನ್ನು ತಿರುವಿದಳು. ಅವಳ ಬೆರಳು ಆ ಸಾಲಿನ ಮೇಲೆ ನಿಂತಿತು, ಅಲ್ಲಿಂದ ಕದಲಲಿಲ್ಲ.

ಮೊದಲು ಮಾತಾಡಿದವರು ಸಾಧನಾ ಮ್ಯಾಡಮ್. ಈ ವಾಕ್ಯ ನಾನು ಓದಿದ ಕರಡಿನಲ್ಲಿ ಇರಲಿಲ್ಲ, ಇದು ನಿಮ್ಮ ಪಾಳಯದ ಭಾಷೆ, ಈಕೆ ನನಗೆ ತಿಳಿಯದಂತೆ ನಿಮ್ಮ ಕಡೆ ಹೋಗಿದ್ದಾಳೆ ಎಂದರು. ಸರ್ ಅವರ ನಗು ಆರಿತು. ಹಾಗಲ್ಲ, ನನ್ನ ಕಣ್ಣಿಗೆ ಮಣ್ಣೆರಚಿ ಪಾಸು ಮಾಡಿಸಿಕೊಳ್ಳಲು ನೀವೇ ಬರೆಸಿದ್ದೀರಿ ಎಂದರು. ಇಬ್ಬರ ಮಾತೂ ಇಂಗ್ಲಿಷಿನಲ್ಲಿ, ಏರದ ದನಿಯಲ್ಲಿ ನಡೆಯಿತು. ಮಹಾದೇವಿಗೆ ಒಂದು ಶಬ್ದವೂ ತಪ್ಪಲಿಲ್ಲ.

ಇದು ನಾನು ಬರೆದದ್ದಲ್ಲ ಎಂದಳು ಸೌಮ್ಯಾ. ಹಾಗಾದರೆ ಯಾರು ಎಂದು ಕೇಳಿದರು. ಅವಳು ಹಿಂದಕ್ಕೆ ತಿರುಗಿ ಮಹಾದೇವಿಯನ್ನು ನೋಡಿದಳು. ಮತ್ತೆ ಮುಂದಕ್ಕೆ ತಿರುಗಿ ತನ್ನ ಪ್ರತಿಯನ್ನು ಮುಚ್ಚಿದಳು.

ಮಹಾದೇವಿ ಎದ್ದು ನಿಂತಳು. ಸರ್ ಮೈಸೂರಿನವರೆಂದು ಅವಳಿಗೆ ಗೊತ್ತಿತ್ತು, ಕನ್ನಡದಲ್ಲೇ ಹೇಳಿದಳು.

"ನಾ ಬರದೀನ್ರಿ ಸರ್. ಆ ಪ್ಯಾರಾ ನಂದು. ಹುಡುಗಿಗಿ ಗೊತ್ತೇ ಇಲ್ರಿ."

ನೀವು ಯಾರೆಂದು ಸರ್ ಕೇಳಿದರು. ಟೈಪು ಮಾಡುವವಳು ಎಂದು ಅವಳು ಹೇಳಿದಾಗ ಮಿಕ್ಕವರಿಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಒಂದಿಬ್ಬರು ನಕ್ಕರು.

"ಕೂತ್ಕೊಳ್ಳಿ ಅಮ್ಮ," ಎಂದರು ಸರ್, ಬಹಳ ಮರ್ಯಾದೆಯಿಂದ. "ಹುಡುಗೀನ ಉಳಿಸ್ಬೇಕು ಅಂತ ನಿಮಗೆ ಆಸೆ, ಅದು ಕಾಣುತ್ತೆ. ಆದ್ರೆ ಇದು ಟೈಪ್ ಮಾಡೋರು ಬರೆಯೋ ವಾಕ್ಯ ಅಲ್ಲ."

ಸಾಧನಾ ಮ್ಯಾಡಮ್ ತಲೆಯಾಡಿಸಿದರು. ಎಷ್ಟೋ ವರ್ಷಗಳ ಮೇಲೆ ಅವರಿಬ್ಬರೂ ಒಪ್ಪಿದ್ದು ಆ ಒಂದು ಮಾತನ್ನು.

ಪರೀಕ್ಷೆ ನಿಂತಿತು, ವಿಚಾರಣೆ ನಡೆಯಿತು. ಪ್ರಬಂಧವನ್ನು ಹೊಸ ಮಾರ್ಗದರ್ಶಕರ ಕೈಕೆಳಗೆ ಮೊದಲಿನಿಂದ ಒಪ್ಪಿಸಬಹುದೆಂದು ಕಾಗದ ಬಂತು. ಸೌಮ್ಯಾ ನಾಲ್ಕು ಬಾಗಿಲು ತಟ್ಟಿದಳು. ಮ್ಯಾಡಮ್ ಕಡೆಯವರಿಗೆ ಅವಳು ಮಾರಿಕೊಂಡವಳು. ಸರ್ ಕಡೆಯವರಿಗೆ ಮ್ಯಾಡಮ್ ಹೂಡಿದ ಆಟದ ಕಾಯಿ. ಜೂನ್ ಕಳೆಯಿತು, ಚೆಂಬೂರಿನ ಜಾಗ ಬೇರೆಯವರಿಗೆ ಹೋಯಿತು. ಈಗ ಅವಳು ಕೋಳಿವಾಡದಲ್ಲಿ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಟ್ಯೂಷನ್ ಹೇಳುತ್ತಾಳೆ. ಮಹಾದೇವಿಯನ್ನು ಒಂದು ಮಾತೂ ಬಯ್ಯಲಿಲ್ಲ. ತನ್ನ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಬರ್ತೀನಿ ಮಾವಶಿ ಎಂದು ಹೇಳಿ ಹೋದವಳು ಮತ್ತೆ ಅಂಗಡಿಯ ಮುಂದೆ ಹಾಯಲೂ ಇಲ್ಲ.

ಮಳೆ ಹಿಡಿಯುವ ಮೊದಲು ಒಂದು ಮಧ್ಯಾಹ್ನ ದೇವಕ್ಕ ಬಂದಳು. ಹತ್ತಿರದ ಸೈಟಿನಲ್ಲಿ ಕೆಲಸ, ಮೊಣಕೈವರೆಗೆ ಒಣಗಿದ ಸಿಮೆಂಟು. ಸ್ಟೂಲು ಎಳೆದುಕೊಟ್ಟರೂ ಕೂರಲಿಲ್ಲ.

"ಯಕ್ಕಾ, ಒಂದ ಮಾತ ಖರೇ ಹೇಳು. ನಾ ಹೇಳಿದ್ರಾಗ ಏನರ ತಪ್ಪಿತ್ತೇನು? ಅದಕ್ಕs ಪೋರಿಗಿ ಹಿಂಗಾತೇನು?"

ಮಹಾದೇವಿ ಎಲ್ಲ ಹೇಳಿದಳು. ಶ್ರೀಮಂತ ಅಂದದ್ದು, ತಾನು ಹೆದರಿದ್ದು, ಅಳಿಸಿದ್ದು, ಬರೆದದ್ದು. ದೇವಕ್ಕ ಕಂಪ್ಯೂಟರನ್ನೇ ನೋಡುತ್ತಾ ಕೇಳಿಸಿಕೊಂಡಳು. ಟೈಪು ಮಾಡುವವಳು ಇಂಗ್ಲಿಷು ಹೇಗೆ ಬರೆದಾಳು ಎಂದು ಅವಳಿಗೆ ಅನ್ನಿಸಲೇ ಇಲ್ಲ. ನಂಬಿದಳು.

"ನಾವು ಒಪ್ಪಿ ಹೋದಿವಿ ಅಂತ ಬರದಿ?"

"ಹೂಂ."

ದೇವಕ್ಕ ಮೊಣಕೈಯ ಸಿಮೆಂಟನ್ನು ಉಗುರಿನಿಂದ ಕೆರೆದಳು.

"ಸೌಮ್ಯಾ ಹೊಸದಾಗಿ ಬರೀತೀನಿ ಅನ್ಲಿಕತ್ತಾಳ. ಮತ್ತ ಎಲ್ಲಾರಿಗೂ ಕೇಳ್ತಾಳಂತ. ನಾವು ಹೇಳೂದೊಂದು, ಹಾಳಿ ಮ್ಯಾಲ ಬರೂದೊಂದು. ನಾ ಹೇಳಂಗಿಲ್ಲ ಯಕ್ಕಾ. ಉಳಿದವರಿಗೂ ಬ್ಯಾಡ ಅಂತೀನಿ."

ಸೈಟಿನ ಊಟದ ಹೊತ್ತು ಮುಗಿಯುತ್ತಿತ್ತು. ದೇವಕ್ಕ ಸಿಂಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ರಸ್ತೆ ದಾಟಿದಳು.