ಚೀಟಿಯ ಕೆಳಗಿನ ಹದಿಮೂರು ಹೆಸರು

ಮ್ಯಾಂಚೆಸ್ಟರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಫಾಲೋಫೀಲ್ಡಿನ ಮೊದಲ ಬಸ್ಸಿನಲ್ಲಿ ಬಂದ ಕಾಶೀಬಾಯಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬಿದಿರಿನ ಅಲಗು ಹಿಡಿದು ಕೂತಿದ್ದಾರೆ. ಮುಂದೆ ನೂರು ವರ್ಷದ ಹಿಂದಿನ ನಡಾವಳಿ ಪುಸ್ತಕ. ಈ ಊರಿನ ಗಿರಣಿಗಳಲ್ಲಿ ದುಡಿದ ಐರಿಷ್ ಕಾರ್ಮಿಕರ ಪುಟ್ಟ ಸಮಾಜವಾದಿ ಸಂಘದ್ದು.

೧೯೦೪ರ ಒಂದು ಪುಟಕ್ಕೆ ಚೀಟಿ ಅಂಟಿಸಿದೆ. ‘ನಾಯಕರೇ ಮುಂದುವರಿಯಲೆಂದು ಸರ್ವಾನುಮತದ ತೀರ್ಮಾನ’ ಎಂದಿದೆ. ಹಿಂದೆ ದೀಪವಿಟ್ಟರೆ ಕಾಣುವುದೇ ಬೇರೆ. ಸಂಘ ಚುನಾವಣೆಗೆ ನಿಲ್ಲಲೇಬೇಕೆಂದು ಹಟ ಹಿಡಿದ ನಾಯಕ, ಮಾತು ನಡೆಯದೆ ರಾಜೀನಾಮೆ ಕೊಟ್ಟಿದ್ದಾನೆ. ಬೇಡವೆನ್ನುತ್ತಾರೆಂದು ನಂಬಿದ್ದನೇನೋ. ಹದಿಮೂರು ಜನ ರಾಜೀನಾಮೆ ಒಪ್ಪಿಕೊಂಡು ಹೆಸರು ಬರೆಸಿಯೇಬಿಟ್ಟರು, ಹನ್ನೊಂದು ಜನ ಇಲ್ಲವೆಂದರು. ಆತ ಮರಳಿ ಬಂದ ಮೇಲೆ ಯಾರೋ ಚೀಟಿ ಅಂಟಿಸಿದ್ದಾರೆ. ಆ ಹದಿಮೂರು ಹೆಸರು ಮಾತ್ರ ದೀಪಕ್ಕೂ ಮಸುಕು, ಬೇರೆಲ್ಲೂ ದಾಖಲಾಗಿಲ್ಲ.

“ಇದ್ದದ್ದೇ ಇಪ್ಪತ್ನಾಲ್ಕು ಜನ, ಅದರಲ್ಲೂ ಎರಡು ಬಣ,” ಎಂದು ನಗುತ್ತಾರೆ ಮೇಲ್ವಿಚಾರಕಿ ಡೊರೀನ್. ಅವರ ಅಜ್ಜಿಯೂ ಐರಿಷ್.

“ನಮ್ಮ ಕನ್ನಡ ಸಂಘ ನೀವಿನ್ನೂ ನೋಡಿಲ್ಲ,” ಎನ್ನುತ್ತಾರೆ ಕಾಶೀಬಾಯಿ.

ಗದಗಿನ ಮುದ್ರಣಾಲಯದಲ್ಲಿ ಅವರ ತಂದೆ ಪುಸ್ತಕ ಕಟ್ಟುತ್ತಿದ್ದರು. ಪುಸ್ತಕದ ಹೊಲಿಗೆ ಕಲಿತದ್ದು ಅಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಟ್ಟೆ ಮಡಿಸಿದರು. ಹಳೆಯ ಪುಸ್ತಕ ಸರಿಪಡಿಸುವ ಈ ಕೆಲಸ ಸಿಕ್ಕಾಗ ನಲವತ್ತು ದಾಟಿತ್ತು. ಈಗ ಬೆರಳ ಗಂಟುಗಳು ಊದಿವೆ.

ಕೆಳಗಿನ ಶಾಯಿಗೆ ನೀರು ತಾಗಿದರೆ ಹೆಸರುಗಳು ಹರಡಿಹೋಗುತ್ತವೆ. ಗೋಂದನ್ನು ಒಣಗಿದ್ದಂತೆಯೇ ಬಿಡಿಸಬೇಕು, ದಿನಕ್ಕೆ ಅರ್ಧ ಸೆಂಟಿಮೀಟರ್. ಇದು ಹತ್ತೊಂಬತ್ತನೇ ದಿನ. ಅಪಾಯ ಬೇಡ, ಇದ್ದಂತೆ ಬಿಡೋಣ ಎಂದಿದ್ದರು ಡೊರೀನ್. ಕಾಶೀಬಾಯಿ ಒಪ್ಪಲಿಲ್ಲ. “ಅವ್ರು ಹೆದರಲಾರ್ದ ಹೆಸರು ಬರ್ಸ್ಯಾರ. ನಾವ್ಯಾಕ ಹೆದರೂಣು?”

ಎಂಟೂವರೆಗೆ ಕೊನೆಯ ಮೂಲೆ ಬಿಡುತ್ತದೆ. ಹನ್ನೆರಡು ಹೆಸರು ಪೂರ್ತಿ ಉಳಿದಿವೆ. ಹದಿಮೂರನೆಯದರ ಅರ್ಧ ಚೀಟಿಯ ಬೆನ್ನಿಗೆ ಹತ್ತಿಕೊಂಡು ಹೋಗಿದೆ. ಕನ್ನಡಿ ಹಿಡಿದರೆ ಓದಬಹುದು.

“ಚೀಟಿ ತೆಗೆದಿಡೋಣವೇ?” ಡೊರೀನ್ ಕೇಳುತ್ತಾರೆ.

“ಬೇಡ. ಅದೂ ಅವರದೇ ಜಗಳ.”

ತೆಳು ಕಾಗದದ ಪಟ್ಟಿಯಿಂದ ಚೀಟಿಯ ಒಂದೇ ಅಂಚನ್ನು ಅದೇ ಪುಟಕ್ಕೆ ಕೂಡಿಸುತ್ತಾರೆ, ಕಿಟಕಿಯ ಬಾಗಿಲಿನಂತೆ.

ಆ ಜಗಳದಲ್ಲಿ ಯಾರದು ಸರಿ ಎಂದು ಕೇಳಿದರೆ ಕಾಶೀಬಾಯಿ ಹೇಳುತ್ತಾರೆ:

“ನಂಗೇನ್ ಗೊತ್ತ್ರಿ. ಓದೂವವ್ರು ಎತ್ತಿ ನೋಡ್ಲಿ, ಮತ್ತ ಮುಚ್ಚಲಿ. ಎಷ್ಟ್ ಸಲ ಮಾಡಿದ್ರೂ ಹರೀದಂಗ ಕಟ್ಟೀನಿ.”