ನಾನು ಕೆಲಸದಿಂದ ತೆಗೆದವರು

ಅವರನ್ನು ಕೆಲಸದಿಂದ ತೆಗೆದ ನಾಲ್ಕನೆಯ ದಿನ ಬೆಳಿಗ್ಗೆ ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ಅವರು ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ಎಂದಿನ ತಿಳಿನೀಲಿ ಅಂಗಿ, ಹಣೆಗೆ ವಿಭೂತಿ, ಹೆಗಲಲ್ಲಿ ಕಪ್ಪು ಬ್ಯಾಗು. ನನ್ನನ್ನು ನೋಡಿದರು. ನಮಸ್ಕಾರ ಮಾಡಲಿಲ್ಲ, ಮುಖ ತಿರುಗಿಸಲೂ ಇಲ್ಲ. ರೈಲು ಬಂದಾಗ ನಾನು ಹೆಂಗಸರಿಗೆ ಮೀಸಲಾದ ಬಾಗಿಲಿನಿಂದ ಹತ್ತಿ, ಜನರ ಮಧ್ಯೆ ನುಗ್ಗಿ ನಿಂತೆ. ಕೆಂಗೇರಿಯಲ್ಲಿ ಇಳಿದು ಮೆಟ್ಟಿಲ ಹತ್ತಿರ ತಿರುಗಿ ನೋಡಿದರೆ ಅವರೂ ಇಳಿದಿದ್ದರು.

ಕೆಂಗೇರಿಯ ಆಚೆ ಕರೆಂಟಿನ ಪ್ಯಾನೆಲ್ ಬೋರ್ಡು ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಎಚ್ಆರ್ ಮ್ಯಾನೇಜರ್. ರಜೆ, ಹಾಜರಿ, ಪಿಎಫ್ ಫಾರಂ, ಕ್ಯಾಂಟೀನಿನ ಸಾಂಬಾರಿನ ಬಗ್ಗೆ ದೂರು, ಇಬ್ಬರು ಸೂಪರ್‌ವೈಸರುಗಳ ಮುನಿಸು, ಎಲ್ಲವೂ ನನ್ನ ಟೇಬಲ್ಲಿಗೇ ಬರುತ್ತವೆ. ಮೆಟ್ರೋದಲ್ಲಿ ಕಂಡ ಅವರು ಅಲ್ಲಿ ಸ್ಟೋರ್ಸ್ ಇನ್‌ಚಾರ್ಜ್ ಆಗಿದ್ದರು. ಹದಿನಾರು ವರ್ಷದ ಸರ್ವೀಸು. ಗದಗದ ಕಡೆಯವರು, ವಿಜಯನಗರದಲ್ಲಿ ಮನೆ. ಯಾವ ಸೈಜಿನ ಬೋಲ್ಟು ಯಾವ ರ‍್ಯಾಕಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಹೋದ ವರ್ಷ ಬಾರ್‌ಕೋಡ್ ಬಂತು. ಅದರ ಬೆನ್ನಿಗೇ ಪ್ರತಿಯೊಬ್ಬರ ಕೆಲಸವನ್ನೂ ಅಳೆದು ಹಸಿರು, ಹಳದಿ, ಕೆಂಪು ಬಣ್ಣ ಹಚ್ಚುವ ಸಾಫ್ಟ್‌ವೇರ್ ಬಂತು. ಅವರ ಹೆಸರಿನ ಮುಂದೆ ಮೂರು ತಿಂಗಳು ಕೆಂಪು ಬಣ್ಣವೇ ಇತ್ತು. ನಮ್ಮ ಜಿಎಂ ಎಂಟು ಜನರ ಪಟ್ಟಿ ಕೊಟ್ಟು, "ಈ ವಾರದಲ್ಲೇ ಮುಗಿಸ್ಬಿಡಿ ಮೇಡಂ" ಎಂದರು.

ಇಂಥ ಮಾತುಕತೆ ಹೇಗೆ ನಡೆಸಬೇಕು ಎಂದು ನಮಗೆ ಆನ್‌ಲೈನಿನಲ್ಲಿ ತರಬೇತಿ ಕೊಟ್ಟಿದ್ದರು. ಹದಿನೈದು ನಿಮಿಷ ಮೀರಬಾರದು. ವಾದಕ್ಕಿಳಿಯಬಾರದು. ಕ್ಷಮೆ ಕೇಳಬಾರದು. ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ನೀವೇ ಕುಳಿತುಕೊಳ್ಳಿ, ಎದುರಿನವರು ಹೇಗೆ ವರ್ತಿಸುತ್ತಾರೋ ಹೇಳಲಾಗದು. ಈ ಕೊನೆಯ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಎಂಟು ಸಲವೂ ಬಾಗಿಲ ಪಕ್ಕವೇ ಕುಳಿತೆ.

ಸ್ಟೋರ್ಸಿನ ಅವರು ನಾನು ಕೊಟ್ಟ ವಜಾ ಕಾಗದವನ್ನು ಎರಡು ಸಲ ಓದಿದರು.

"ಇವತ್ತಿಂದನ ಏನ್ರಿ ಮೇಡಂ?"

"ಹೌದು ಸಾರ್."

"ಸ್ಟೋರ್ಸಿನ್ಯಾಗ ನನ್ನ ಊಟದ ಡಬ್ಬಿ ಐತಿ. ತಗೋಬಹುದೇನ್ರಿ?"

ಸೆಕ್ಯೂರಿಟಿಯವನನ್ನು ಜೊತೆಗೆ ಕಳಿಸಿದೆ. ನಿಯಮ ಹಾಗಿತ್ತು. ಹದಿನಾರು ವರ್ಷ ಅವರೇ ಬೀಗ ತೆಗೆದ ಕೋಣೆಯಿಂದ ಅವರ ಡಬ್ಬಿಯನ್ನು ತರಲು ಕಾವಲು ಬೇಕಾಯಿತು. ಅವರು ಸಿಟ್ಟಾಗಲಿಲ್ಲ. ಉಳಿದ ಏಳು ಜನರಲ್ಲಿ ಕೆಲವರು ಅತ್ತರು, ಒಬ್ಬರು ಬೈದರು. ಇವರು ಡಬ್ಬಿ ಹಿಡಿದು ಹೊರಟುಹೋದರು. ಬೈದವರನ್ನು ಮರೆತೆ. ಸುಮ್ಮನೆ ಹೋದವರ ಬಗ್ಗೆ ಭಯ ಉಳಿಯಿತು.

ನಾಲ್ಕನೆಯ ದಿನ ಶುರುವಾದದ್ದು ದಿನವೂ ನಡೆಯಿತು. ಅದೇ ಪ್ಲಾಟ್‌ಫಾರ್ಮ್, ಅದೇ ಹೊತ್ತು. ಕೆಂಗೇರಿಯಲ್ಲಿ ಇಳಿದು ನಾನು ಶೇರ್ ಆಟೋ ಹತ್ತಿದರೆ ಅವರು ರಸ್ತೆಯಾಚೆಯ ಟೀ ಅಂಗಡಿಯ ಮುಂದೆ ನಿಂತು ನೋಡುತ್ತಿದ್ದರು. ಒಂದು ದಿನ ಬೇಗ ಹೊರಟೆ. ಅವರಿರಲಿಲ್ಲ. ಇಡೀ ಹಗಲು ಹಗುರವಾಗಿದ್ದೆ. ಸಂಜೆ ಹಿಂತಿರುಗುವಾಗ ಪಕ್ಕದ ಬೋಗಿಯಲ್ಲಿ ಕಂಬ ಹಿಡಿದು ನಿಂತಿದ್ದರು. ಮರುದಿನ ಮೈಸೂರು ರಸ್ತೆಯ ಬಸ್ಸು ಹಿಡಿದೆ. ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೆಲಸಕ್ಕೆ ತಡವಾಯಿತು. ಮುಖ ಗುರುತಿಸುವ ಹಾಜರಿ ಯಂತ್ರ ನನ್ನ ಹೆಸರಿನ ಮುಂದೆ ಹಳದಿ ಬಣ್ಣ ತೋರಿಸಿತು. ಆ ಯಂತ್ರವನ್ನು ತರಿಸಿದವಳು ನಾನೇ.

ಮನೆಯಲ್ಲಿ ಹೇಳಿದೆ. ನನ್ನ ಗಂಡ, "ಪೊಲೀಸ್ ಸ್ಟೇಷನ್‌ಗೆ ಹೋಗೋಣ ನಡಿ. ನಾಳೆ ಏನಾದ್ರೂ ಆದ್ಮೇಲೆ ಹೋಗೋದಾ?" ಎಂದರು.

"ಅವರು ಏನೂ ಮಾಡಿಲ್ಲವಲ್ಲ. ಮೆಟ್ರೋದಲ್ಲಿ ಬರ್ತಾರೆ ಅಂತ ಕಂಪ್ಲೇಂಟ್ ಕೊಡೋಕಾಗುತ್ತಾ?"

"ಮಾಡೋವರೆಗೂ ಕಾಯ್ತೀಯಾ?"

ಜಿಎಂ ಹತ್ತಿರವೂ ಹೇಳಿಕೊಂಡೆ. ಅವರು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ, "ಮೇಡಂ, ಇದು ಗೇಟಿಂದ ಆಚೆ ನಡೀತಾ ಇರೋದು. ಕಂಪನಿ ಹೆಸರು ಎಳೀಬೇಡಿ" ಎಂದರು. ಪಟ್ಟಿ ಕಂಪನಿಯದು, ಹೆದರಿಕೆ ನನ್ನ ಸ್ವಂತದ್ದು. ನನ್ನ ಟೇಬಲ್ಲಿಗೆ ಹಿಂತಿರುಗಿದೆ. ಮುಂದಿನ ಪಟ್ಟಿಯ ಭಯ ನನಗೂ ಇತ್ತು. ರಜೆಯ ಪ್ರಶ್ನೆಗಳಿಗೆ ಉತ್ತರ ಕೊಡಲು ಕಂಪ್ಯೂಟರಿನಲ್ಲೇ ಒಂದು ವ್ಯವಸ್ಥೆ ಬಂದಿತ್ತು. ನನ್ನ ಕೈಕೆಳಗಿದ್ದ ಹುಡುಗಿಯನ್ನು ಆಗಲೇ ಬೇರೆ ಕಡೆಗೆ ಹಾಕಿದ್ದರು.

ಮೂರನೆಯ ವಾರದ ಶನಿವಾರ ನನ್ನ ಮಗಳು ವಿಜಯನಗರದ ಟ್ಯೂಷನ್ನಿನಿಂದ ಬಂದು ಚಪ್ಪಲಿ ಬಿಡುತ್ತಲೇ, "ಅಮ್ಮ, ನಿಮ್ಮ ಆಫೀಸಿನ ಅಂಕಲ್ ಸಿಕ್ಕಿದ್ರು. ಆಯುಧ ಪೂಜೆ ದಿನ ನಂಗೆ ಲಾಡು ಕೊಟ್ಟಿದ್ರಲ್ಲ, ಅವ್ರು" ಎಂದಳು.

"ಏನಂದ್ರು?"

"ನಿಮ್ಮಮ್ಮ ದಿನಾ ಎಷ್ಟ್ ಗಂಟೆಗೆ ಮನೆ ಬಿಡ್ತಾರೆ ಅಂತ ಕೇಳಿದ್ರು. ಎಂಟಕ್ಕೆ ಅಂದೆ."

ಕೈಯಲ್ಲಿದ್ದ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ನಿಂತೆ. ಎಂಟನೇ ಕ್ಲಾಸಿನ ಹುಡುಗಿ, ಅವಳಿಗೆ ಹೆದರಿಕೆ ಹತ್ತಬಾರದೆಂದು "ಸರಿ, ಕೈಕಾಲು ತೊಳ್ಕೋ ಹೋಗು" ಎಂದೆನಷ್ಟೆ. ಭಾನುವಾರವಿಡೀ ಬಾಗಿಲಿಗೆ ಚಿಲಕ ಹಾಕಿಕೊಂಡೇ ಇದ್ದೆವು. ಕೊರಿಯರಿನವನು ಬೆಲ್ ಮಾಡಿದಾಗ ನನ್ನ ಗಂಡ ಕಿಟಕಿಯಿಂದ ನೋಡಿ ಆಮೇಲೆ ಬಾಗಿಲು ತೆಗೆದರು.

ಸೋಮವಾರ ಗಂಡನೇ ಸ್ಕೂಟರಿನಲ್ಲಿ ಆಫೀಸಿಗೆ ಬಿಟ್ಟು ಹೋದರು. ನಾನು ಸ್ಟೋರ್ಸಿನವರ ಫೈಲು ತೆಗೆದೆ. ಪ್ರತಿ ಫೈಲಿನಲ್ಲೂ ತುರ್ತು ಸಂದರ್ಭಕ್ಕೆಂದು ಮನೆಯವರ ಒಂದು ನಂಬರ್ ಇರುತ್ತದೆ. ಅದು ಅಪಘಾತಕ್ಕೆ, ಆಸ್ಪತ್ರೆಗೆ. ಕೆಲಸ ಬಿಟ್ಟವರ ಮನೆಗೆ ಫೋನ್ ಮಾಡುವ ಹಕ್ಕು ನನಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಮಾಡಿದೆ. ನಿಮ್ಮ ಯಜಮಾನರು ನನ್ನ ಹಿಂದೆ ಬರುತ್ತಿದ್ದಾರೆ, ಬುದ್ಧಿ ಹೇಳಿ, ಇಲ್ಲದಿದ್ದರೆ ಪೊಲೀಸರಿಗೆ ಹೇಳುತ್ತೇನೆ ಎನ್ನುವುದನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡಿದ್ದೆ.

"ಹಲೋ, ಯಾರ್ರಿ?"

ಕಂಪನಿಯ ಹೆಸರು ಹೇಳಿದೆ, ಎಚ್ಆರ್‌ನಿಂದ ಎಂದೆ. ಮುಂದಿನ ಮಾತು ಆಡಲು ಅವರ ಹೆಂಡತಿ ಬಿಡಲಿಲ್ಲ.

"ಏನಾತ್ರಿ ಮೇಡಂ? ಅವರಿಗೆ ಏನರ ಆಗೇತೇನ್ರಿ? ಮುಂಜಾನಿ ಛಲೋ ಇದ್ರಲ್ರಿ, ಡಬ್ಬಿ ತಗೊಂಡು ಡ್ಯೂಟಿಗೆ ಹೋದ್ರು."

ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಅವರು ಮನೆಯಲ್ಲಿ ಹೇಳಿಯೇ ಇರಲಿಲ್ಲ.

"ಏನೂ ಆಗಿಲ್ಲಮ್ಮ," ಎಂದೆ. ದನಿ ನನ್ನದಲ್ಲವೆನ್ನುವಂತೆ ಕೇಳಿಸಿತು. "ಇನ್ಶೂರೆನ್ಸ್ ಫಾರಂ ಇತ್ತು. ನಿಮ್ಮ ನಂಬರ್ ಸರಿ ಇದೆಯಾ ಅಂತ ನೋಡ್ತಾ ಇದ್ದೆ."

"ಅವರಿಗೆ ಒಂದೀಟು ಫೋನ್ ಕೊಡ್ರಿ."

"ಅವರು ಸ್ಟೋರ್ಸಲ್ಲಿದ್ದಾರೆ. ಆಮೇಲೆ ಹೇಳ್ತೀನಿ."

ಫೋನ್ ಇಟ್ಟ ಮೇಲೆ ಆ ಬೆಳಗಿನವರೆಗೂ ಇದ್ದ ಭಯ ಹೋಯಿತು. ಅದಕ್ಕಿಂತ ಕೆಟ್ಟ ಭಯ ಬಂತು. ಮೂರು ವಾರದಿಂದ ಒಬ್ಬ ಮನುಷ್ಯ ಹೊತ್ತುಕೊಂಡು ತಿರುಗುತ್ತಿದ್ದ ಗುಟ್ಟನ್ನು ನಾನು ಅಲುಗಾಡಿಸಿಬಿಟ್ಟಿದ್ದೆ.

ಒಂದೂವರೆ ಗಂಟೆಯಾಗಿರಬೇಕು, ಸೆಕ್ಯೂರಿಟಿಯವನು ಒಳಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಮೇಡಂ, ಸ್ಟೋರ್ಸ್ ಸಾರ್ ಮನೆಯವ್ರು ಬಂದಿದಾರೆ. ಸಾರ್‌ನ ಕರೀರಿ ಅಂತಿದಾರೆ. ನಾನೇನೂ ಹೇಳಿಲ್ಲ."

ಆಕೆ ಗೇಟಿನ ಬಳಿ ಬಿಸಿಲಲ್ಲೇ ನಿಂತಿದ್ದರು. ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಮೀಟಿಂಗ್ ರೂಮಿಗೆ ಕರೆದುಕೊಂಡು ಬಂದೆ. ಆಕೆಯ ಗಂಡನನ್ನು ಕೂರಿಸಿ ಕಾಗದ ಕೊಟ್ಟ ರೂಮು ಅದೇ. ಆಕೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಅವರ ಫೋನ್ ಸ್ವಿಚ್ ಆಫ್ ಬರಾಕತ್ತೇತ್ರಿ. ನೀವು ಏನೂ ಆಗಿಲ್ಲ ಅಂದ್ರಿ. ಆದ್ರ ನಿಮ್ಮ ದನಿ ನಡಗತಿತ್ತಲ್ರಿ. ನನಗ ಕೂಡಾಕ ಆಗಲಿಲ್ಲ. ಖರೆ ಹೇಳ್ರಿ, ಮಷೀನಿಗೆ ಕೈ ಸಿಕ್ಕತೇನ್ರಿ? ಯಾವ ದವಾಖಾನ್ಯಾಗ ಅದಾರ?"

"ಕೈಗೂ ಏನಾಗಿಲ್ಲ, ಕಾಲಿಗೂ ಏನಾಗಿಲ್ಲ. ದೇವರಾಣೆ. ಹೊರಗಡೆ ಹೋಗಿದ್ದಾರೆ. ನಾನೇ ಕರ್ಕೊಂಡು ಬರ್ತೀನಿ, ನೀವು ನೀರು ಕುಡೀರಿ."

ಹಾಗೆಂದು ಹೊರಗೆ ಬಂದೆ. ಇನ್ನೊಬ್ಬರನ್ನು ಕಳಿಸಬಹುದಿತ್ತು, ಮನಸ್ಸಾಗಲಿಲ್ಲ. ಆಟೋದಲ್ಲಿ ಸ್ಟೇಷನ್ನಿನ ಎದುರಿನ ಟೀ ಅಂಗಡಿಗೆ ಹೋಗಿ ವಿಚಾರಿಸಿದೆ.

"ವಿಭೂತಿ ಇಟ್ಕೊಂಡಿರ್ತಾರಲ್ಲ, ಆ ಸಾರಾ?" ಎಂದ ಅಂಗಡಿಯವನು. "ಬಸ್ ಸ್ಟ್ಯಾಂಡಲ್ಲಿ ಕೂತಿರ್ತಾರೆ ಮೇಡಂ. ಪೇಪರಲ್ಲಿ ಕೆಲಸದ ಜಾಹೀರಾತು ನೋಡ್ತಾರೆ, ಒಂದೊಂದು ದಿನ ಇಂಟರ್‌ವ್ಯೂಗೆ ಹೋಗ್ತಾರೆ. ಸಂಜೆವರೆಗೂ ಅಲ್ಲೇ."

ಬಸ್ ಸ್ಟ್ಯಾಂಡಿನ ಕೊನೆಯ ಕಲ್ಲುಬೆಂಚಿನಲ್ಲಿ ಅವರಿದ್ದರು. ತೊಡೆಯ ಮೇಲೆ ಡಬ್ಬಿ ತೆರೆದಿತ್ತು, ರೊಟ್ಟಿ ಮುರಿಯುತ್ತಿದ್ದರು. ಮೂರು ವಾರ ಯಾರಿಂದ ತಪ್ಪಿಸಿಕೊಂಡು ಓಡಾಡಿದ್ದೆನೋ ಅವರ ಕಡೆಗೆ ನಾನೇ ನಡೆದುಕೊಂಡು ಹೋಗುತ್ತಿದ್ದೆ. ನನ್ನನ್ನು ಕಂಡದ್ದೇ ಅವರು ಎದ್ದುನಿಂತು ಒಂದು ಹೆಜ್ಜೆ ಹಿಂದೆ ಸರಿದರು. ರೊಟ್ಟಿಯ ಚೂರು ನೆಲಕ್ಕೆ ಬಿತ್ತು.

"ನಮ್ಮ ಮನ್ಯಾಗ ಹೇಳಿದ್ರೇನ್ರಿ?"

ಅದೇ ಅವರ ಮೊದಲ ಮಾತು.

"ಇಲ್ಲ ಸಾರ್. ಆದರೆ ಫೋನ್ ಮಾಡಿದ್ದೆ. ಅವರು ಗಾಬರಿಯಾಗಿ ಫ್ಯಾಕ್ಟರಿಗೇ ಬಂದಿದ್ದಾರೆ."

ಅವರು ಕುಳಿತರು. ಡಬ್ಬಿಯ ಮುಚ್ಚಳ ಹಾಕಲು ಮೂರು ಸಲ ಪ್ರಯತ್ನಿಸಿದರು. ಆಗ ನಾನು ಕೇಳಲೇಬೇಕಾದ್ದನ್ನು ಕೇಳಿದೆ: "ನನ್ನ ಮಗಳ ಹತ್ರ ಯಾಕೆ ನನ್ನ ಟೈಮ್ ಕೇಳಿದ್ರಿ?"

"ನೀವು ನನ್ನ ನೋಡಿ ಅಂಜಾಕತ್ತಿದ್ರಿ ಮೇಡಂ. ಬಸ್ಸಿಗೆ ಹೋಗೂದು, ಬೋಗಿ ಬದಲಿ ಮಾಡೂದು, ಎಲ್ಲಾ ನೋಡೇನಿ. ನೀವು ಹೋಗೂ ಹೊತ್ತು ಗೊತ್ತಾದ್ರ ನಾ ಮುಂದಿನ ರೈಲಿಗೆ ಹೋಗಬೌದು ಅಂತ ಕೇಳಿದ್ನಿ." ಡಬ್ಬಿಯನ್ನು ಬ್ಯಾಗಿಗೆ ಹಾಕಿ ಮತ್ತೆ ಹೇಳಿದರು: "ನನಗೂ ನಿಮ್ಮನ್ನ ನೋಡಿದ್ರ ಎದಿ ಹೊಡ್ಕೋತಿತ್ತು. ಫೈಲಿನ್ಯಾಗ ಮನಿ ನಂಬರ್ ಐತಲ್ರಿ. ಇವತ್ತ ಫೋನ್ ಮಾಡ್ತಾರ, ನಾಳೆ ಮಾಡ್ತಾರ ಅಂತ ದಿನಾ ನಿಮ್ಮ ಮಾರಿ ನೋಡ್ತಿದ್ನಿ."

ಅವರ ನೋಟವನ್ನು ನಾನು ಹಗೆಯೆಂದು ಓದಿಕೊಂಡಿದ್ದೆ. ತರಬೇತಿಯಲ್ಲಿ ಬೇಡವೆಂದಿದ್ದ ಮಾತನ್ನೇ ಆಡಿದೆ. "ತಪ್ಪಾಯ್ತು ಸಾರ್" ಎಂದೆ.

"ಹದಿನೈದು ದಿನದಾಗ ಬ್ಯಾರೆ ಕೆಲಸ ಸಿಗತೇತಿ, ಸಿಕ್ಕ ಮ್ಯಾಲ ಹೇಳೋಣು ಅಂತಿದ್ದೆ. ಎಲ್ಲಿ ಹೋದ್ರೂ ವಯಸ್ಸು ಕೇಳ್ತಾರ್ರಿ."

ಇಬ್ಬರೂ ಆಟೋ ಹಿಡಿದು ಫ್ಯಾಕ್ಟರಿಗೆ ಬಂದೆವು. ಗೇಟಿನಲ್ಲಿ ಸೆಕ್ಯೂರಿಟಿಯವನು ಎದ್ದು ಸೆಲ್ಯೂಟ್ ಹೊಡೆದ, ಆಮೇಲೆ ಮುಜುಗರದಿಂದ ಸಂದರ್ಶಕರ ಪುಸ್ತಕವನ್ನು ಮುಂದೆ ತಳ್ಳಿದ. ಬೇಡ ಎಂದು ನಾನು ಕೈ ಮಾಡಿದೆ. ಅವರೇ ಪೆನ್ನು ತೆಗೆದುಕೊಂಡು ಹೆಸರು ಬರೆದು, ಸಹಿ ಹಾಕಿ ಒಳಗೆ ನಡೆದರು.

"ನಾನೂ ಬರ್ಲಾ ಸಾರ್?"

"ಬ್ಯಾಡ್ರಿ. ನಾನ ಹೇಳ್ತೇನಿ."

ಮೀಟಿಂಗ್ ರೂಮಿನ ಗಾಜಿನ ಗೋಡೆಯಾಚೆ ಮಾತು ಕೇಳಿಸುತ್ತಿರಲಿಲ್ಲ. ಗಂಡನನ್ನು ಕಂಡಾಗ ಆಕೆ ಎದ್ದು ಅವರ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ನೋಡಿದ್ದು ಕಂಡಿತು. ಮುಂದಿನದನ್ನು ನೋಡಬಾರದೆಂದು ನನ್ನ ಟೇಬಲ್ಲಿಗೆ ಹೋದೆ. ಕಂಪ್ಯೂಟರಿನಲ್ಲಿ ಏನೋ ತೆರೆದಿಟ್ಟುಕೊಂಡು ಕುಳಿತೆ. ಆಕೆ ಹೊರಗೆ ಬಂದು ಎಲ್ಲರೆದುರು ನನ್ನನ್ನು ಶಪಿಸುತ್ತಾರೆ ಎಂದು ಕಾಯುತ್ತಿದ್ದೆ.

ಆಕೆ ಬಂದು ಟೇಬಲ್ಲಿನ ಮುಂದೆ ನಿಂತರು. ಕಣ್ಣುಗಳು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಫೋನಿನ್ಯಾಗ ಸ್ಟೋರ್ಸಿನ್ಯಾಗ ಅದಾರ ಅಂದ್ರಲ್ರಿ ನೀವು."

"ಹೌದಮ್ಮ. ಸುಳ್ಳು ಹೇಳಿದೆ."

"ಅವರೂ ಅದನ್ನ ಹೇಳ್ತಿದ್ರು ಮೂರು ವಾರದಿಂದ. ದಿನಾ ಮೂರು ರೊಟ್ಟಿ ಕಟ್ಟಿ ಕಳಸ್ತಿದ್ನಿ. ಬಸ್ ಸ್ಟ್ಯಾಂಡಿನ್ಯಾಗ ಕುಂತು ತಿಂದಾರ." ಹಿಂದೆ ನಿಂತಿದ್ದ ಗಂಡನ ಹೆಗಲಿನಿಂದ ಬ್ಯಾಗನ್ನು ತೆಗೆದು ತಾವು ಹಾಕಿಕೊಂಡು, "ನಡೀರಿ ಮನಿಗೆ" ಎಂದು ಅವರನ್ನು ಮುಂದೆ ಬಿಟ್ಟುಕೊಂಡು ಹೋದರು.

ಆಮೇಲೆ ಅವರು ಮೆಟ್ರೋದಲ್ಲಿ ಕಾಣಲಿಲ್ಲ. ನಾನು ದಿನವೂ ಹುಡುಕುತ್ತಿದ್ದೆ. ಕಾಮಾಕ್ಷಿಪಾಳ್ಯದ ಒಂದು ಪ್ಲೈವುಡ್ ಗೋಡೌನಿನಲ್ಲಿ ಅವರಿಗೆ ಕೆಲಸ ಸಿಕ್ಕಿತೆಂದು ಮಳೆಗಾಲ ಮುಗಿಯುವ ಹೊತ್ತಿಗೆ ಟೀ ಅಂಗಡಿಯವನೇ ಹೇಳಿದ. ಅಲ್ಲಿಂದ ಅವರ ಅನುಭವದ ಬಗ್ಗೆ ವಿಚಾರಿಸಿ ನನಗೆ ಫೋನ್ ಬಂದಿತ್ತಂತೆ, ನಾನು ಒಳ್ಳೆಯದನ್ನೇ ಹೇಳಿದೆನಂತೆ. ಅಂಥ ಫೋನುಗಳು ವಾರಕ್ಕೆ ನಾಲ್ಕು ಬರುತ್ತವೆ, ಅದು ಅವರದ್ದೆಂದು ನನಗೆ ನೆನಪಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಜಿಎಂ ಮತ್ತೆ ಪಟ್ಟಿ ಕೊಟ್ಟರು. ಮೂರು ಹೆಸರು. ಹದಿನೈದು ನಿಮಿಷದಲ್ಲಿ ನನ್ನಿಂದಾಗದು, ಒಬ್ಬೊಬ್ಬರ ಜೊತೆ ಒಂದು ಗಂಟೆ ಕೂರುತ್ತೇನೆ, ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳುತ್ತೇನೆ ಎಂದೆ.

"ಅದು ನಮ್ಮ ಕೆಲಸ ಅಲ್ಲ ಮೇಡಂ," ಎಂದರು. ಕಂಪ್ಯೂಟರಿನತ್ತ ತಿರುಗಿ, "ಮಾಡೋದಾದ್ರೆ ಮಾಡಿ. ಈಮೇಲಲ್ಲಿ ಬರೀಬೇಡಿ" ಎಂದರು.

ಮಾಡಿದೆ. ಮೂವರಲ್ಲಿ ಒಬ್ಬ, ಶ್ರೀಗಂಧದ ಕಾವಲು ಬಡಾವಣೆಯ ವೈರಿಂಗ್ ಕೆಲಸದವನು, "ನಮ್ಮಪ್ಪಂಗೆ ನೀವೇ ಹೇಳ್ಬಿಡಿ ಮೇಡಂ, ನನ್ನಿಂದ ಆಗಲ್ಲ" ಎಂದು ಫೋನನ್ನು ನನ್ನ ಕೈಗಿಟ್ಟ. ಆ ಕಡೆ ರಿಂಗಾಯಿತು. ಅಪ್ಪ ಫೋನ್ ಎತ್ತಿಕೊಂಡರು. ಮಗ ಚೆನ್ನಾಗಿದ್ದಾನೆ, ಮೈಗೆ ಏನೂ ಆಗಿಲ್ಲ ಎಂಬುದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದನ್ನು ಹೇಳಿದೆ.