ಹಿತ್ತಲ ವಕೀಲೆ

ಬೆಳಗಾಗುತ್ತಿದ್ದಂತೆ ಕೆಳಗಿನ ಅಂಗಡಿಗಳ ಶಟರುಗಳು ಒಂದೊಂದಾಗಿ ಗಡಗಡನೆ ಮೇಲೇರುತ್ತವೆ. ಮಹಡಿಯ ಮನೆಯಲ್ಲಿ ವಕೀಲೆ ಏಳುವುದು ಆ ಸದ್ದಿಗೇ. ಯಾವ ಶಟರು ಎಣ್ಣೆ ಕಂಡಿಲ್ಲ, ಯಾವ ಅಂಗಡಿಗೆ ಹೊಸಬರು ಬಂದಿದ್ದಾರೆ ಎಂಬುದು ಹಾಸಿಗೆಯಲ್ಲೇ ತಿಳಿಯುತ್ತದೆ.

ಅಂಗಡಿ, ಗೋದಾಮು, ಕಚೇರಿ ಕಟ್ಟಡಗಳ ಕ್ರಯ, ಬಾಡಿಗೆ ಕರಾರು, ಇದೇ ಅವರ ವಕೀಲಿ. ಓದು ಮುಗಿಸಿ ಅಪ್ಪನ ಕಚೇರಿಗೆ ಬಂದಾಗ ಗುಮಾಸ್ತರು, "ನಿಮಗ್ಯಾಕಮ್ಮ ಕಟ್ಟಡದ ಉಸಾಬರಿ? ಗಂಡ ಹೆಂಡತಿ ಜಗಳದ ಕೇಸು ತಗೊಳ್ಳಿ" ಎಂದಿದ್ದರು. "ಜಗಳ ಮನೇಲೇ ಬೇಕಾದಷ್ಟಿದೆ. ಗೋದಾಮು ಕೊಡಿ" ಎಂದರಂತೆ ಇವರು.

ಅಂದಿನಿಂದ ಒಂದು ರೂಢಿ. ಕಾಗದ ಬಿಚ್ಚುವ ಮೊದಲು ಕಟ್ಟಡದ ಹಿಂಭಾಗಕ್ಕೆ ಹೋಗಿ ನಿಲ್ಲುವುದು. ಮುಂಭಾಗಕ್ಕಾದರೆ ಮಾರುವವರು ಬಣ್ಣ ಬಳಿದಿರುತ್ತಾರೆ. ಕೋರ್ಟಿನಲ್ಲಿ ಇವರಿಗೆ 'ಹಿತ್ತಲ ವಕೀಲೆ' ಎಂಬ ಹೆಸರೇ ನಿಂತುಬಿಟ್ಟಿತು.

ಅಪ್ಪ ಹೋದ ಮೇಲೆ ಕಚೇರಿ ತಮ್ಮನದು. ಮೊನ್ನೆ ಅವನ ಬಳಿಗೆ ಒಬ್ಬ ಬಿಲ್ಡರ್ ಬಂದ. ಬ್ಯಾಂಕಿನ ಸಾಲದಲ್ಲಿ ಅವನು ಕೊಳ್ಳಲಿದ್ದ ಅಂಗಡಿ ಸಂಕೀರ್ಣದ ಕಾಗದಗಳೆಲ್ಲ ಚೊಕ್ಕ. ಹಿಂದೆ ಮಾತ್ರ, ಅದೇ ಜಾಗದೊಳಗೆ, ಕೈಗಾಡಿಗಳು ಓಡಾಡಿ ಕಲ್ಲು ಸವೆದ ಒಂದು ಓಣಿ. ಆಚೆ ಸಾಲಿನ ಟೈಲರಿಗೂ ಬ್ಯಾಟರಿ ಅಂಗಡಿಯವಳಿಗೂ ಬೀದಿ ಸೇರಲು ಬೇರೆ ದಾರಿಯಿಲ್ಲ. ಬಿಲ್ಡರಿಗೆ ಅದನ್ನು ಮುಚ್ಚಿ ಪಾರ್ಕಿಂಗ್ ಮಾಡಬೇಕಿತ್ತು. ಅಲ್ಲಿ ಯಾರಿಗೂ ದಾರಿಯ ಹಕ್ಕಿಲ್ಲ ಎಂದು ಅಕ್ಕ ಸಹಿ ಹಾಕಿದರೆ ಸಾಕು. ಬ್ಯಾಂಕು ನಂಬುವುದು ಆ ಸಹಿಯನ್ನೇ.

"ಕಾಗದದಲ್ಲಿ ಓಣಿ ಇದೆಯೇನಕ್ಕಾ?" ಎಂದ ತಮ್ಮ, ಬಿಲ್ಡರನ ಎದುರೇ.

"ಇಲ್ಲ. ನೆಲದಲ್ಲಿದೆ. ಇಷ್ಟು ವರ್ಷ ಓಡಾಡಿದ ಮೇಲೆ ಅದು ಅವರ ಹಕ್ಕು."

"ಆ ಟೈಲರ್ ನಿನಗೇನಾಗಬೇಕು?"

"ಏನೂ ಇಲ್ಲ. ಅವನು ಹೊಲಿದ ಕೋಟು ಒಂದು ದಿನವೂ ನನಗೆ ಸರಿ ಕೂತಿಲ್ಲ."

ಬಿಲ್ಡರ್ ನಕ್ಕ. "ಮೇಡಂ, ಒಂದು ಸಾಲು ತಾನೇ. ಬರೆದುಬಿಡಿ."

"ಒಂದು ಸಾಲು ತಾನೇ. ಅದಿಲ್ಲದೇ ತಗೊಳ್ಳಿ."

ತಮ್ಮನ ಮುಖ ಕೆಂಪೇರಿತು. "ಸಹಿ ಹಾಕಲ್ಲ ಅಂದ್ರೆ ನಾಳೆಯಿಂದ ಈ ಕಡೆ ಬರಬೇಡ."

ವಕೀಲೆ ಪೆನ್ನು ತೆಗೆದರು. ತಮ್ಮ ನೆಮ್ಮದಿಯ ಉಸಿರು ಬಿಟ್ಟ. ಅವರು ಬರೆದದ್ದು, ಓಣಿ ಇದೆ, ಮುಚ್ಚುವಂತಿಲ್ಲ ಎಂದು. ಕೆಳಗೆ ಸಹಿ ಹಾಕಿ, ಹಾಳೆ ಮಡಿಸಿ ಚೀಲಕ್ಕೆ ಸೇರಿಸಿ ಎದ್ದರು.

"ಅಕ್ಕಾ, ಎಲ್ಲಿಗೆ?"

"ಬ್ಯಾಂಕಿಗೆ. ಬೋರ್ಡಿನಿಂದ ನನ್ನ ಹೆಸರು ಅಳಿಸ್ತೀಯಾ? ಧಾರಾಳವಾಗಿ ಅಳಿಸು." ಅವರು ಆಗಲೇ ಮೆಟ್ಟಿಲಲ್ಲಿದ್ದರು, ಮಾತು ಮಾತ್ರ ಮೇಲಕ್ಕೆ ಬರುತ್ತಿತ್ತು. "ಎದುರು ಕಟ್ಟಡದಲ್ಲಿ ಒಂದು ರೂಮು ಖಾಲಿ ಇದೆ, ಅದರ ಓನರಿಗೆ ನಾನು ಇವತ್ತೇ ಮುಂಗಡ ಕೊಡ್ತೀನಿ, ಹಿತ್ತಲು ನೋಡಿದ ಮೇಲೆ."